ತಟ್ಟೆಯಿಂದ ಕಾರ್ಯಾಚರಣ ವ್ಯವಸ್ಥೆಯ ಸ್ಥಾಪನೆ: ವಿಫಲವಾದಾಗ ದೋಷ ಪತ್ತೆಹಚ್ಚುವ ಕ್ರಮ

ಗಣಕಯಂತ್ರದ ಯಂತ್ರಾಂಶಕ್ಕೂ ಅದನ್ನು ಬಳಸುವವರಿಗೂ ನಡುವೆ ನಿಂತು ಎಲ್ಲ ಕೆಲಸಗಳನ್ನೂ ಹೊಂದಿಸಿಕೊಡುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುವುದು, ಬರೆದ ಪತ್ರ ಹಾರ್ಡ್ ಡಿಸ್ಕಿನಲ್ಲಿ ಉಳಿಯುವುದು, ಮುದ್ರಣಯಂತ್ರ ಕಾಗದವನ್ನು ಎಳೆದುಕೊಳ್ಳುವುದು, ಇವೆಲ್ಲವೂ ಅದರ ಮೂಲಕವೇ ನಡೆಯುತ್ತವೆ. ಅದು ಇಲ್ಲದ ಗಣಕವು ಕೇವಲ ಲೋಹ ಮತ್ತು ಪ್ಲಾಸ್ಟಿಕ್ಕಿನ ಪೆಟ್ಟಿಗೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಅದರ ನಂತರದ ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ ಸ್ಥಳ ಮತ್ತು ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನ ಬೇಕು. ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಅನೇಕ ಗಣಕಗಳು ಈ ಕೊನೆಯ ಷರತ್ತನ್ನು ಪೂರೈಸಲಾರವು. ಹೀಗಾಗಿ ಕೆಲಸ ಮಾಡಬಲ್ಲ ಹಳೆಯ ಯಂತ್ರವನ್ನು ಎಸೆಯುವ ಬದಲು ಅದಕ್ಕೆ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ಅಳವಡಿಸುವ ಪ್ರಯತ್ನಗಳು ನಡೆಯುತ್ತಿವೆ. 1993ರಲ್ಲಿ ಆರಂಭವಾದ ಡೆಬಿಯನ್ ಇಂತಹ ವ್ಯವಸ್ಥೆಗಳಲ್ಲಿ ಪ್ರಮುಖವಾದುದು. ಅದರ 13ನೆಯ ಆವೃತ್ತಿ 2025ರ ಆಗಸ್ಟ್ 9ರಂದು ಹೊರಬಂದಿತು. ಪುಣೆಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್ ಕೂಡ ಡೆಬಿಯನ್ನಿನ ತಳಹದಿಯ ಮೇಲೆ ನಿಂತಿದೆ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಡಿ.ವಿ.ಡಿ. ಚಾಲಕ ಇರುವುದರಿಂದ ತಟ್ಟೆಯ ಮೂಲಕ ಸ್ಥಾಪನೆ ಮಾಡುವುದು ಇಂದಿಗೂ ಅನುಕೂಲಕರವಾದ ಒಂದು ಮಾರ್ಗ.

ಆದರೆ ಸ್ಥಾಪನೆ ಎಲ್ಲ ಬಾರಿಯೂ ಸುಗಮವಾಗಿ ಸಾಗುವುದಿಲ್ಲ. ಪರದೆ ಕಪ್ಪಾಗಿಯೇ ಉಳಿಯಬಹುದು. ಕೆಲಸ ಅರ್ಧಕ್ಕೆ ನಿಲ್ಲಬಹುದು. ಎಲ್ಲವೂ ಮುಗಿಯಿತೆಂದು ತೋರಿದ ಮೇಲೂ ಯಂತ್ರ ಏಳದಿರಬಹುದು. ಆಗ ಬಹುಪಾಲು ಜನರು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರೆ, ಪ್ರತಿ ಸಲವೂ ಸಿಕ್ಕಿದ ಆಯ್ಕೆಯನ್ನು ಬದಲಿಸುತ್ತಾರೆ. ನಿಜವಾದ ಅಪಾಯವಿರುವುದು ಇಲ್ಲಿಯೇ. ಮೊದಲನೆಯ ವೈಫಲ್ಯದಿಂದ ಹಾರ್ಡ್ ಡಿಸ್ಕಿನ ಕಡತಗಳಿಗೆ ಹಾನಿಯಾಗುವುದು ವಿರಳ. ಮೂರನೆಯ ಅಥವಾ ನಾಲ್ಕನೆಯ ಆತುರದ ಪ್ರಯತ್ನದಲ್ಲಿ ಇಡೀ ಡಿಸ್ಕನ್ನು ಅಳಿಸಿಬಿಡುವ ಸಂಭವವೇ ಹೆಚ್ಚು. ಆದುದರಿಂದ ದೋಷ ಪತ್ತೆಯ ವಿಧಾನವನ್ನು ಮೊದಲೇ ತಿಳಿದಿರುವುದು ಒಳಿತು.

ಆರು ಕೊಂಡಿಗಳ ಸರಪಳಿ

ಸ್ಥಾಪನೆಯನ್ನು ಆರು ಕೊಂಡಿಗಳ ಒಂದು ಸರಪಳಿ ಎಂದು ಭಾವಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

1. ವ್ಯವಸ್ಥೆಯ ಪ್ರತಿಬಿಂಬ ಕಡತವು ದೋಷವಿಲ್ಲದೆ ದೊರೆತಿರಬೇಕು.
2. ಅದನ್ನು ತಟ್ಟೆಯ ಮೇಲೆ ಸರಿಯಾದ ರೀತಿಯಲ್ಲಿ ಬರೆದಿರಬೇಕು.
3. ಯಂತ್ರದ ಚಾಲಕವು ಆ ತಟ್ಟೆಯನ್ನು ಓದಬೇಕು ಮತ್ತು ಯಂತ್ರವು ಅದರಿಂದಲೇ ಚಾಲನೆ ಪಡೆಯಬೇಕು.
4. ಓದಿದ ಮಾಹಿತಿಯು ಸ್ಮೃತಿಯಲ್ಲಿ ಕೆಡದೆ ಉಳಿಯಬೇಕು.
5. ಹಾರ್ಡ್ ಡಿಸ್ಕ್ ಕಾಣಿಸಿಕೊಂಡು, ಬರೆದುದನ್ನು ಹಿಡಿದಿಟ್ಟುಕೊಳ್ಳಬೇಕು.
6. ಮುಂದಿನ ಬಾರಿ ವ್ಯವಸ್ಥೆಯನ್ನು ಎಬ್ಬಿಸುವ ಚಾಲನಾ ಕ್ರಮವಿಧಿ ಸರಿಯಾದ ಸ್ಥಳದಲ್ಲಿ ನೆಲೆಗೊಳ್ಳಬೇಕು.

ಯಾವ ಕೊಂಡಿ ಕಳಚಿದರೂ ಕಣ್ಣಿಗೆ ಕಾಣುವ ಫಲ ಒಂದೇ: ಗಣಕ ಕೆಲಸ ಮಾಡುತ್ತಿಲ್ಲ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ “ಏನು ಕೆಟ್ಟಿದೆ” ಎಂಬುದಲ್ಲ, “ಎಲ್ಲಿಯವರೆಗೆ ಸರಿಯಾಗಿ ನಡೆಯಿತು” ಎಂಬುದು. ಸ್ಥಾಪನೆಯ ಮೊದಲ ಪಟ್ಟಿ ಪರದೆಯ ಮೇಲೆ ಬಂದಿದ್ದರೆ ಯಂತ್ರವು ತಟ್ಟೆಯಿಂದ ಚಾಲನೆ ಪಡೆದಿದೆ ಎಂದೇ ಅರ್ಥ. ಡಿಸ್ಕಿನ ವಿಭಾಗಗಳ ಪಟ್ಟಿ ಕಂಡಿದ್ದರೆ ಡಿಸ್ಕನ್ನು ಯಂತ್ರ ಗುರುತಿಸಿದೆ. ಹೀಗೆ ದಾಟಿದ ಕೊಂಡಿಗಳನ್ನು ಬಿಟ್ಟು, ನಿಂತ ಜಾಗದಿಂದ ಹುಡುಕಾಟವನ್ನು ಆರಂಭಿಸಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ತಟ್ಟೆ, ತಂತಿ, ಸ್ಮೃತಿ ಮೂರನ್ನೂ ಒಟ್ಟಿಗೆ ಬದಲಿಸಿದಾಗ ಯಂತ್ರ ಸರಿಹೋದರೂ ಕಾರಣ ಮಾತ್ರ ತಿಳಿಯುವುದಿಲ್ಲ.

ಮೊದಲು ಕಡತಗಳ ರಕ್ಷಣೆ

ಯಂತ್ರಕ್ಕೆ ಬೆಲೆಯುಂಟು, ಅದನ್ನು ಮತ್ತೆ ಕೊಳ್ಳಬಹುದು. ಮಗುವಿನ ನಾಮಕರಣದ ಛಾಯಾಚಿತ್ರ, ಅಂಗಡಿಯ ಲೆಕ್ಕ, ವಿದ್ಯಾರ್ಥಿಯ ಪ್ರಬಂಧ, ಸಂಘದ ಸದಸ್ಯರ ಪಟ್ಟಿ ಇವು ಅಂಗಡಿಯಲ್ಲಿ ದೊರೆಯುವುದಿಲ್ಲ. ಹಳೆಯ ಡಿಸ್ಕಿನಲ್ಲಿರುವ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ಇನ್ನೊಂದು ಗಣಕದಲ್ಲಿ ನೋಡಿದ ನಂತರವೇ ಸ್ಥಾಪನೆಗೆ ಕೈಹಾಕಬೇಕು.

ಹಳೆಯ ವಿಂಡೋಸ್ ಏಳದ ಸ್ಥಿತಿಯಲ್ಲಿದ್ದರೂ ಇದು ಸಾಧ್ಯ. ಡೆಬಿಯನ್ ಮೊದಲಾದ ವ್ಯವಸ್ಥೆಗಳಿಗೆ ‘ಲೈವ್’ ಎಂಬ ರೂಪವೊಂದಿದೆ. ಅದು ಹಾರ್ಡ್ ಡಿಸ್ಕನ್ನು ಮುಟ್ಟದೆ, ತಟ್ಟೆಯಿಂದ ಮತ್ತು ಸ್ಮೃತಿಯಿಂದಲೇ ನಡೆಯುತ್ತದೆ. ಅದರ ಮೂಲಕ ಡಿಸ್ಕನ್ನು ತೆರೆದು ಕಡತಗಳನ್ನು ಹೊರತೆಗೆಯಬಹುದು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ವಿಂಡೋಸ್ 10 ತನ್ನ ಶೀಘ್ರಾರಂಭ ಸೌಲಭ್ಯದ ಕಾರಣ ಸಾಮಾನ್ಯವಾಗಿ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ಅಂತಹ ಡಿಸ್ಕನ್ನು ಲಿನಕ್ಸ್ ಓದಲು ಮಾತ್ರ ತೆರೆಯಬಹುದು. ನಕಲು ಮಾಡಲು ಅಷ್ಟು ಸಾಕು. ಎರಡನೆಯದಾಗಿ, ಡಿಸ್ಕನ್ನು ಬಿಟ್‌ಲಾಕರ್ ಎಂಬ ಗೂಢಲಿಪಿ ವಿಧಾನದಿಂದ ಭದ್ರಪಡಿಸಿದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಕು. ಆ ಸಂಖ್ಯೆಯಿಲ್ಲದೆ ಕಡತಗಳನ್ನು ತೆರೆಯುವ ಮಾರ್ಗ ಬಹುತೇಕ ಮುಚ್ಚಿದಂತೆಯೇ.

ತಟ್ಟೆಯ ಪರೀಕ್ಷೆ

ಅಂತರಜಾಲದಿಂದ ಪಡೆದ ಪ್ರತಿಬಿಂಬ ಕಡತವು ಹಲವು ಗಿಗಾಬೈಟ್ ಗಾತ್ರದ್ದಾಗಿರುತ್ತದೆ. ಸಂಪರ್ಕ ನಡುವೆ ತಪ್ಪಿದರೆ ಕಡತ ಅಪೂರ್ಣವಾಗಬಹುದು. ಇದನ್ನು ಪತ್ತೆಹಚ್ಚಲು ತಯಾರಕರು ಪ್ರತಿ ಕಡತಕ್ಕೂ ಒಂದು ತಾಳೆ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ಎಸ್.ಎಚ್.ಎ.-256 ಎಂಬ ಗಣಿತ ವಿಧಾನದಿಂದ ದೊರೆಯುವ ಈ ಸಂಖ್ಯೆಯಲ್ಲಿ 64 ಚಿಹ್ನೆಗಳಿರುತ್ತವೆ. ಕಡತದ ಒಂದೇ ಒಂದು ಅಂಶ ಬದಲಾದರೂ ಸಂಖ್ಯೆ ಸಂಪೂರ್ಣವಾಗಿ ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಶಾ256ಸಮ್ ಎಂಬ ಆದೇಶಗಳು ಈ ಸಂಖ್ಯೆಯನ್ನು ಲೆಕ್ಕ ಹಾಕಿ ಕೊಡುತ್ತವೆ. ಪ್ರಕಟಿತ ಸಂಖ್ಯೆಯೊಡನೆ ಅದು ತಾಳೆಯಾಗದಿದ್ದರೆ ಕಡತವನ್ನು ಮತ್ತೊಮ್ಮೆ ತರಿಸಿಕೊಳ್ಳಬೇಕೇ ಹೊರತು ತಟ್ಟೆಯನ್ನು ಬರೆಯಬಾರದು.

ಮುಂದಿನದು ತಟ್ಟೆಯ ಧಾರಣ ಶಕ್ತಿ. ಸಾಮಾನ್ಯ ಸಿ.ಡಿ. 700 ಮೆಗಾಬೈಟ್‌ಗಳನ್ನು, ಒಂದು ಪದರದ ಡಿ.ವಿ.ಡಿ. 4.7 ಗಿಗಾಬೈಟ್‌ಗಳನ್ನು ಹಿಡಿಯುತ್ತದೆ. ಡಿ.ವಿ.ಡಿ. ಪೆಟ್ಟಿಗೆಯ ಮೇಲಿನ ಲೆಕ್ಕದಲ್ಲಿ ಗಿಗಾಬೈಟ್ ಎಂದರೆ 100 ಕೋಟಿ ಬೈಟ್. ವಿಂಡೋಸ್ 1024ರ ಗುಣಕದಲ್ಲಿ ಎಣಿಸುವುದರಿಂದ ಅದೇ ತಟ್ಟೆ ಅಲ್ಲಿ ಸುಮಾರು 4.38 ಗಿಗಾಬೈಟ್ ಎಂದು ಕಾಣುತ್ತದೆ. ಪರದೆಯಲ್ಲಿ 4.5 ಎಂದು ತೋರುವ ಕಡತ 4.7ರ ತಟ್ಟೆಗೆ ಹಿಡಿಸದಿರುವುದು ಈ ಕಾರಣದಿಂದಲೇ.

ಬರೆಯುವ ವಿಧಾನದಲ್ಲಿಯೂ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಪ್ರತಿಬಿಂಬ ಕಡತವನ್ನು ಹಾಡು ಅಥವಾ ಚಿತ್ರಗಳಂತೆ ತಟ್ಟೆಗೆ ನಕಲು ಮಾಡಿದರೆ ಆ ತಟ್ಟೆಯಿಂದ ಯಂತ್ರ ಏಳುವುದಿಲ್ಲ. ಪ್ರತಿಬಿಂಬವನ್ನು ‘ಪ್ರತಿಬಿಂಬವಾಗಿ’ ಬರೆಯುವ ಆಯ್ಕೆಯನ್ನೇ ಬಳಸಬೇಕು. ಪರೀಕ್ಷೆ ಸುಲಭ: ತಟ್ಟೆಯನ್ನು ತೆರೆದಾಗ ಹಲವು ಕೋಶಗಳು ಕಾಣಿಸಿದರೆ ಸರಿ, ಒಂದೇ ಒಂದು ದೊಡ್ಡ ಕಡತ ಕಾಣಿಸಿದರೆ ತಪ್ಪು. ಬರೆಯುವ ವೇಗವನ್ನು ಗರಿಷ್ಠಕ್ಕೆ ಇಡದೆ ಮಧ್ಯಮದಲ್ಲಿ ಇರಿಸುವುದು, ಬರೆದ ನಂತರ ತಾಳೆ ನೋಡುವ ಆಯ್ಕೆಯನ್ನು ಒಪ್ಪುವುದು ಒಳ್ಳೆಯದು.

ಹಳೆಯ ತಟ್ಟೆಗಳು ಹೊರನೋಟಕ್ಕೆ ಚೆನ್ನಾಗಿದ್ದರೂ ಒಳಗೆ ಕೆಟ್ಟಿರಬಹುದು. ಮನೆಯಲ್ಲಿ ಬರೆಯುವ ತಟ್ಟೆಗಳಲ್ಲಿ ಮಾಹಿತಿ ಉಳಿಯುವುದು ಬಣ್ಣದ ಒಂದು ತೆಳು ಪದರದಲ್ಲಿ. ಬಿಸಿಲು ಮತ್ತು ಸೆಖೆಗೆ ಅದು ಮಾಸುತ್ತದೆ. ಸಿ.ಡಿ.ಯಲ್ಲಿ ಮಾಹಿತಿಯ ಪದರ ಹೆಸರು ಬರೆಯುವ ಬದಿಗೆ ಬಹಳ ಹತ್ತಿರವಿರುವುದರಿಂದ ಮೇಲ್ಬದಿಯ ಗೀರು ಕೆಳಬದಿಯ ಗೀರಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಡಿ.ವಿ.ಡಿ.ಯಲ್ಲಿ ಪದರವು ಎರಡು ಹಾಳೆಗಳ ನಡುವೆ ಸುರಕ್ಷಿತವಾಗಿದೆ. ತಟ್ಟೆಯನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುಗಿಸಿ ಒರೆಸಬಾರದು. ಮಾಹಿತಿಯ ಸಾಲು ಸುರುಳಿಯಾಗಿ ಸಾಗುವುದರಿಂದ ಸುತ್ತು ಗೀರು ಒಂದೇ ಸಾಲಿನ ಉದ್ದಕ್ಕೂ ಮಾಹಿತಿಯನ್ನು ಕೆಡಿಸುತ್ತದೆ; ಅಡ್ಡಗೀರನ್ನು ಚಾಲಕದ ದೋಷ ತಿದ್ದುವ ವ್ಯವಸ್ಥೆ ಸುಲಭವಾಗಿ ಸರಿದೂಗಿಸುತ್ತದೆ.

ಡೆಬಿಯನ್ ಸ್ಥಾಪನಾ ತಟ್ಟೆಯಲ್ಲಿ ತಟ್ಟೆಯ ಸಮಗ್ರತೆಯನ್ನು ಪರೀಕ್ಷಿಸುವ ಆಯ್ಕೆಯನ್ನೇ ಅಳವಡಿಸಿದ್ದಾರೆ. ಅದನ್ನು ಸ್ಥಾಪಿಸಬೇಕಾದ ಯಂತ್ರದಲ್ಲಿಯೇ ನಡೆಸಬೇಕು. ಬರೆದ ಯಂತ್ರದಲ್ಲಿ ಸರಿಯಾಗಿ ಓದಿಸಿಕೊಳ್ಳುವ ತಟ್ಟೆಯು ಧೂಳು ಹಿಡಿದ ಹಳೆಯ ಚಾಲಕದಲ್ಲಿ ಓದಿಸಿಕೊಳ್ಳದಿರಬಹುದು. ಮತ್ತೆ ಮತ್ತೆ ಬರೆಯಬಹುದಾದ ತಟ್ಟೆಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಚಾಲಕಗಳಿಗೆ ಅವು ಇನ್ನೂ ಕಷ್ಟ.

ಯಂತ್ರವು ತಟ್ಟೆಯಿಂದ ಏಳದಿದ್ದಾಗ

ಸಿ.ಡಿ.ಯಿಂದ ನೇರವಾಗಿ ಗಣಕವನ್ನು ಎಬ್ಬಿಸುವ ಕ್ರಮಕ್ಕೆ 1995ರಲ್ಲಿ ‘ಎಲ್ ಟೊರಿಟೊ’ ಎಂಬ ಹೆಸರಿನ ಒಂದು ಮಾನದಂಡ ರೂಪುಗೊಂಡಿತು. ಅದಕ್ಕೆ ಮುನ್ನ ಸಾಮಾನ್ಯವಾಗಿ ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ ಅನಂತರ ಸಿ.ಡಿ.ಯನ್ನು ಓದಿಸಬೇಕಿತ್ತು. ಈಗ ಯಂತ್ರದೊಳಗಿನ ಸ್ಥಿರ ತಂತ್ರಾಂಶವೇ ತಟ್ಟೆಯನ್ನು ಹುಡುಕುತ್ತದೆ. ಆದರೆ ಯಾವುದನ್ನು ಮೊದಲು ಹುಡುಕಬೇಕೆಂಬ ಅನುಕ್ರಮದಲ್ಲಿ ಹಾರ್ಡ್ ಡಿಸ್ಕ್ ಮೊದಲಿದ್ದರೆ ತಟ್ಟೆಯ ಸರದಿ ಬರುವುದೇ ಇಲ್ಲ. ವಿದ್ಯುತ್ ನೀಡಿದ ಕೂಡಲೇ ಎಫ್12, ಎಫ್11, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಆ ಬಾರಿಗೆ ಮಾತ್ರ ಅನ್ವಯಿಸುವ ಆಯ್ಕೆಪಟ್ಟಿ ತೆರೆಯುತ್ತದೆ. ಯಾವ ಕೀಲಿ ಎಂಬುದು ತಯಾರಕರನ್ನು ಅವಲಂಬಿಸಿದೆ. ಶಾಶ್ವತ ಬದಲಾವಣೆಗೆ ಡಿಲೀಟ್ ಅಥವಾ ಎಫ್2 ಕೀಲಿಯಿಂದ ತೆರೆಯುವ ವ್ಯವಸ್ಥಾ ಪುಟಗಳನ್ನು ಬಳಸಬೇಕು.

ಅನೇಕ ಯಂತ್ರಗಳ ಈ ಪಟ್ಟಿಯಲ್ಲಿ ಒಂದೇ ಚಾಲಕ ಎರಡು ಬಾರಿ ಕಾಣಿಸುತ್ತದೆ. ಒಂದರ ಹಿಂದೆ ಯು.ಇ.ಎಫ್.ಐ. ಎಂಬ ಪದವಿರುತ್ತದೆ. 1981ರ ಐ.ಬಿ.ಎಂ. ಗಣಕದಿಂದ ಬಂದ ಬಯೋಸ್ ಎಂಬ ಹಳೆಯ ಪದ್ಧತಿ ಒಂದು, ಅದರ ಸ್ಥಾನದಲ್ಲಿ ಬಂದ ಯು.ಇ.ಎಫ್.ಐ. ಇನ್ನೊಂದು. ಎರಡರಲ್ಲಿ ಯಾವುದರ ಮೂಲಕ ತಟ್ಟೆಯನ್ನು ಎಬ್ಬಿಸಲಾಯಿತೋ ಅದೇ ಪದ್ಧತಿಗೆ ಹೊಂದುವಂತೆ ವ್ಯವಸ್ಥೆ ಸ್ಥಾಪನೆಗೊಳ್ಳುತ್ತದೆ. ಇದರ ಪರಿಣಾಮ ಕೊನೆಯ ಹಂತದಲ್ಲಿ ಮಾತ್ರ ಗೊತ್ತಾಗುವುದರಿಂದ ಆರಂಭದಲ್ಲಿಯೇ ಗುರುತು ಮಾಡಿಕೊಳ್ಳಬೇಕು. ಡೆಬಿಯನ್ ತನ್ನ ಮೊದಲ ಪಟ್ಟಿಯ ಶೀರ್ಷಿಕೆಯಲ್ಲಿಯೇ ಪದ್ಧತಿಯನ್ನು ಸೂಚಿಸುತ್ತದೆ.

ತಟ್ಟೆ ಏಳಲು ತೊಡಗಿ ಒಡನೆಯೇ ನಿಂತರೆ, ಪರದೆಯ ಮೇಲಿನ ಸೂಚನೆಯನ್ನು ಓದಬೇಕು. ಸಂಸ್ಕಾರಕವು 32 ಬಿಟ್‌ನದಾಗಿದ್ದು ತಟ್ಟೆಯಲ್ಲಿರುವ ವ್ಯವಸ್ಥೆ 64 ಬಿಟ್‌ನದಾಗಿದ್ದರೆ, ಅದಕ್ಕೆ ತಕ್ಕ ಸಂಸ್ಕಾರಕ ಇಲ್ಲವೆಂಬ ಸಂದೇಶ ಬರುತ್ತದೆ. ಇದಕ್ಕೆ ಎಷ್ಟು ಬಾರಿ ಪ್ರಯತ್ನಿಸಿದರೂ ಪರಿಹಾರವಿಲ್ಲ. 32 ಬಿಟ್ ಗಣಕಗಳಿಗೆ ಸ್ಥಾಪನಾ ತಟ್ಟೆಯನ್ನು ಒದಗಿಸಿದ ಕೊನೆಯ ಡೆಬಿಯನ್, 2023ರ ಜೂನ್ ತಿಂಗಳಿನಲ್ಲಿ ಹೊರಬಂದ 12ನೆಯ ಆವೃತ್ತಿ. 13ನೆಯದರಲ್ಲಿ ಅದನ್ನು ಕೈಬಿಡಲಾಗಿದೆ.

ಚಾಲಕದ ಮೇಲೆ ಸಂದೇಹವಿದ್ದರೆ ಅಡ್ಡ ಪರೀಕ್ಷೆಯೊಂದುಂಟು. ಸಾಮಾನ್ಯ ಗಣಕಗಳಿಗಾಗಿ ಇರುವ ಡೆಬಿಯನ್ ಪ್ರತಿಬಿಂಬವನ್ನು ಪೆನ್ ಡ್ರೈವಿಗೂ ಹಾಗೆಯೇ ಬರೆಯಬಹುದು. ಪೆನ್ ಡ್ರೈವಿನಿಂದ ಸ್ಥಾಪನೆ ನಡೆದು ತಟ್ಟೆಯಿಂದ ನಡೆಯದಿದ್ದರೆ ದೋಷ ತಟ್ಟೆಯಲ್ಲಿ ಇಲ್ಲವೆ ಚಾಲಕದಲ್ಲಿ ಇದೆ. ಎರಡರಿಂದಲೂ ನಡೆಯದಿದ್ದರೆ ಹುಡುಕಾಟವನ್ನು ಮುಂದಿನ ಕೊಂಡಿಗೆ ಒಯ್ಯಬೇಕು.

ಸ್ಥಾಪನೆ ನಡುವೆ ನಿಂತಾಗ

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಹಂತ ಇದು. ಇಲ್ಲಿ ಒಂದು ಸರಳ ಸೂತ್ರ ನೆರವಿಗೆ ಬರುತ್ತದೆ: ಸ್ಥಾಪನೆ ಎರಡು ಬಾರಿಯೂ ಒಂದೇ ಜಾಗದಲ್ಲಿ, ಒಂದೇ ಕಡತದಲ್ಲಿ ನಿಂತರೆ ದೋಷ ಬಹುಮಟ್ಟಿಗೆ ತಟ್ಟೆಯದು ಅಥವಾ ಪ್ರತಿಬಿಂಬದ್ದು. ಪ್ರತಿ ಬಾರಿ ಬೇರೆ ಬೇರೆ ಜಾಗದಲ್ಲಿ ನಿಂತರೆ ಸ್ಮೃತಿ, ಶಾಖ ಅಥವಾ ವಿದ್ಯುತ್ ಪೂರೈಕೆಯನ್ನು ಸಂದೇಹಿಸಬೇಕು. ಇದಕ್ಕೆ ಕಾರಣ ಸುಲಭವಾಗಿ ತಿಳಿಯುವಂತಹುದು. ತಟ್ಟೆಯ ಗೀರು ತನ್ನ ಸ್ಥಳ ಬಿಟ್ಟು ಕದಲುವುದಿಲ್ಲ. ಸ್ಮೃತಿಯ ಕೆಟ್ಟ ಕೋಶವಾದರೋ, ಆ ಗಳಿಗೆಯಲ್ಲಿ ಅಲ್ಲಿಗೆ ಬಂದು ಕುಳಿತ ಮಾಹಿತಿಯನ್ನು ಕೆಡಿಸುತ್ತದೆ. ಅದು ಇಂದು ಒಂದು, ನಾಳೆ ಇನ್ನೊಂದು.

ಸ್ಮೃತಿಯನ್ನು ಪರೀಕ್ಷಿಸಲು ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವಿದೆ. ಅದು ಸ್ಮೃತಿಯ ಪ್ರತಿ ಕೋಶದಲ್ಲಿಯೂ ವಿವಿಧ ಮಾದರಿಗಳನ್ನು ಬರೆದು ಓದಿ ನೋಡುತ್ತದೆ. ಕನಿಷ್ಠ ಒಂದು ಪೂರ್ಣ ಸುತ್ತು ಮುಗಿಯುವವರೆಗೆ ಕಾಯಬೇಕು. ರಾತ್ರಿಯಿಡೀ ನಡೆಯಲು ಬಿಡುವುದು ಇನ್ನೂ ಉತ್ತಮ. ಇಲ್ಲಿ ಸ್ವಲ್ಪ ದೋಷ ಎಂಬುದಿಲ್ಲ. ಒಂದೇ ಒಂದು ದೋಷ ಕಾಣಿಸಿದರೂ ಆ ಸ್ಮೃತಿಯನ್ನು ನಂಬಿ ಸ್ಥಾಪನೆ ಮಾಡಬಾರದು. ಎರಡು ಸ್ಮೃತಿ ಫಲಕಗಳಿದ್ದರೆ ಯಂತ್ರದ ವಿದ್ಯುತ್ ತಂತಿಯನ್ನು ಗೋಡೆಯಿಂದ ಬಿಡಿಸಿ, ಒಂದನ್ನು ತೆಗೆದು, ಇನ್ನೊಂದನ್ನು ಮಾತ್ರ ಇರಿಸಿ ಪರೀಕ್ಷಿಸಬೇಕು. ಫಲಕದ ಸಂಪರ್ಕ ಪಟ್ಟಿಯ ಮೇಲೆ ಧೂಳು ಕುಳಿತಿದ್ದರೆ ತೆಗೆದು ಮತ್ತೆ ಕೂರಿಸಿದಷ್ಟರಿಂದಲೇ ದೋಷ ಮಾಯವಾಗುವುದುಂಟು.

ಸ್ಥಾಪನೆಯ ತಂತ್ರಾಂಶವು ತಾನು ಮಾಡುತ್ತಿರುವ ಕೆಲಸವನ್ನು ಸಾಲು ಸಾಲಾಗಿ ದಾಖಲಿಸುತ್ತಿರುತ್ತದೆ. ಡೆಬಿಯನ್ನಿನ ಅಕ್ಷರ ರೂಪದ ಸ್ಥಾಪನೆಯಲ್ಲಿ ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಈ ದಾಖಲೆ ಕಾಣುತ್ತದೆ. ಚಿತ್ರರೂಪದಲ್ಲಿ ಕಂಟ್ರೋಲ್ ಕೀಲಿಯನ್ನೂ ಸೇರಿಸಬೇಕು. ಅದರ ಕೊನೆಯ ಸಾಲುಗಳಲ್ಲಿ ಓದುವ ದೋಷ ಯಾವ ಸಾಧನದ ಹೆಸರಿನೊಡನೆ ಬಂದಿದೆ ಎಂಬುದೇ ದಾರಿ ತೋರುತ್ತದೆ: ತಟ್ಟೆಯ ಚಾಲಕದ ಹೆಸರಿದ್ದರೆ ತಟ್ಟೆ, ಹಾರ್ಡ್ ಡಿಸ್ಕಿನ ಹೆಸರಿದ್ದರೆ ಡಿಸ್ಕು. ವಿಂಡೋಸ್ ಸ್ಥಾಪನೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಆದೇಶದ ಕಿಟಕಿ ತೆರೆಯುತ್ತದೆ. ಅಲ್ಲಿಯ ದಾಖಲೆಗಳು ಪ್ಯಾಂಥರ್ ಎಂಬ ಕೋಶದಲ್ಲಿರುತ್ತವೆ.

ಜಾಲದಿಂದ ಕೆಲವು ಕಡತಗಳನ್ನು ತರಿಸಿಕೊಳ್ಳುವಾಗ, ದಾಖಲೆಗಳು ಇನ್ನೂ ಜಾರಿಗೆ ಬಂದಿಲ್ಲ ಎಂಬ ವಿಚಿತ್ರ ಸಂದೇಶ ಬಂದರೆ ಗಣಕದ ದಿನಾಂಕವನ್ನು ನೋಡಬೇಕು. ಯಂತ್ರ ಆರಿರುವಾಗಲೂ ಗಡಿಯಾರವನ್ನು ನಡೆಸುವ ಗುಂಡಿ ಬ್ಯಾಟರಿ ಬರಿದಾಗಿದ್ದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಸಾಮಾನ್ಯವಾಗಿ ಇದು ಸಿ.ಆರ್.2032 ಎಂಬ 3 ವೋಲ್ಟಿನ ಬ್ಯಾಟರಿ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್‌ಗಳಂತಹ ಪೇಟೆಗಳಲ್ಲಿ ಮಾತ್ರವಲ್ಲ, ಕೈಗಡಿಯಾರ ದುರಸ್ತಿಯ ಅಂಗಡಿಯಲ್ಲಿಯೂ ದೊರೆಯುವ ಅಗ್ಗದ ವಸ್ತು.

ಹಾರ್ಡ್ ಡಿಸ್ಕ್ ಕಾಣದಿದ್ದಾಗ

2001ರ ಅಕ್ಟೋಬರ್ ತಿಂಗಳಿನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್.ಪಿ.ಯ ತಟ್ಟೆಯನ್ನು ಆನಂತರ ಬಂದ ಸಾಟಾ ಡಿಸ್ಕಿನ ಯಂತ್ರಗಳಿಗೆ ಹಾಕಿದವರಿಗೆ, ಹಾರ್ಡ್ ಡಿಸ್ಕೇ ಇಲ್ಲವೆಂಬ ಸಂದೇಶವೋ 7ಬಿ ಸಂಕೇತದ ನೀಲಿ ಪರದೆಯೋ ಎದುರಾಗುತ್ತಿತ್ತು. ಡಿಸ್ಕು ಕೆಟ್ಟಿರುತ್ತಿರಲಿಲ್ಲ. ಎ.ಎಚ್.ಸಿ.ಐ. ಎಂಬ ಹೊಸ ವಿಧಾನದಲ್ಲಿ ಆ ಡಿಸ್ಕಿನೊಡನೆ ಮಾತನಾಡುವ ಚಾಲನಾ ತಂತ್ರಾಂಶ ಹಳೆಯ ತಟ್ಟೆಯಲ್ಲಿ ಇರಲಿಲ್ಲ. ಆರಂಭದಲ್ಲಿ ಎಫ್6 ಕೀಲಿಯನ್ನೊತ್ತಿ ಫ್ಲಾಪಿಯಿಂದ ಅದನ್ನು ಒದಗಿಸಬೇಕಾಗುತ್ತಿತ್ತು. ಯಂತ್ರಕ್ಕಿಂತ ತಟ್ಟೆ ಹಳೆಯದಾಗಿರಬಾರದು ಎಂಬ ಪಾಠ ಇದರಿಂದ ದೊರೆಯುತ್ತದೆ. ಎಕ್ಸ್.ಪಿ.ಯ ಬೆಂಬಲವೂ 2014ರ ಏಪ್ರಿಲ್ 8ರಂದು ಮುಗಿದುಹೋಯಿತು.

ಇಂದಿನ ಲಿನಕ್ಸ್ ತಟ್ಟೆಯಲ್ಲಿ ಡಿಸ್ಕು ಕಾಣದಿದ್ದರೆ, ಮೊದಲು ಯಂತ್ರದ ವ್ಯವಸ್ಥಾ ಪುಟಗಳಲ್ಲಿ ಅದರ ಹೆಸರು ಕಾಣುತ್ತದೆಯೇ ನೋಡಬೇಕು. ಅಲ್ಲಿಯೂ ಇಲ್ಲದಿದ್ದರೆ ತಂತಿ ಸಡಿಲವಾಗಿರಬಹುದು ಅಥವಾ ಡಿಸ್ಕು ನಿಂತಿರಬಹುದು. ಅಲ್ಲಿ ಕಂಡು ಸ್ಥಾಪನೆಯಲ್ಲಿ ಮಾತ್ರ ಕಾಣದಿದ್ದರೆ, ಡಿಸ್ಕಿನ ವಿಧಾನ ‘ರೇಡ್’ ಎಂದಿದೆಯೇ ಎಂದು ಪರೀಕ್ಷಿಸಿ ಅದನ್ನು ಎ.ಎಚ್.ಸಿ.ಐ.ಗೆ ಬದಲಿಸಬಹುದು. ಆದರೆ ಹಳೆಯ ವಿಂಡೋಸನ್ನು ಉಳಿಸಿಕೊಳ್ಳುವ ಉದ್ದೇಶವಿದ್ದರೆ ಎಚ್ಚರ ಅಗತ್ಯ: ಸಿದ್ಧತೆಯಿಲ್ಲದೆ ಈ ಬದಲಾವಣೆ ಮಾಡಿದರೆ ವಿಂಡೋಸ್ ಏಳದೆ ನೀಲಿ ಪರದೆ ತೋರಬಹುದು.

ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾವೇ ಇಡುತ್ತವೆ. ಲೈವ್ ತಟ್ಟೆಯ ಮೂಲಕ ಅದನ್ನು ಓದಬಹುದು. ಅದರಲ್ಲಿ 5 ಮತ್ತು 197ನೆಯ ಸಾಲುಗಳು ಕೆಟ್ಟ ಹಾಗೂ ಸಂದೇಹಾಸ್ಪದ ಭಾಗಗಳ ಸಂಖ್ಯೆಯನ್ನು ಹೇಳುತ್ತವೆ. ಅವು ಏರುತ್ತಿದ್ದರೆ ಡಿಸ್ಕಿನ ಕಾಲ ಮುಗಿಯುತ್ತ ಬಂದಿದೆ. 199ನೆಯ ಸಾಲು ಮಾತ್ರ ಏರುತ್ತಿದ್ದರೆ ದೋಷ ಡಿಸ್ಕಿನಲ್ಲಿ ಅಲ್ಲ, ಸಾಮಾನ್ಯವಾಗಿ ಅದನ್ನು ಜೋಡಿಸುವ ತಂತಿಯಲ್ಲಿರುತ್ತದೆ. ಕಡಿಮೆ ಬೆಲೆಯ ತಂತಿಯೊಂದನ್ನು ಬದಲಿಸಿದರೆ ಸಾಕಾಗುವ ಕಡೆ ಹೊಸ ಡಿಸ್ಕನ್ನು ಕೊಳ್ಳುವ ಖರ್ಚು ಹೀಗೆ ತಪ್ಪುತ್ತದೆ.

ವಿಭಾಗಗಳನ್ನು ಮಾಡುವ ಹಂತದಲ್ಲಿ ನಿಧಾನವೇ ಪ್ರಧಾನ. ಡೆಬಿಯನ್ನಿನ ಸಾಮಾನ್ಯ ಕ್ರಮದಲ್ಲಿ, ಬದಲಾವಣೆಗಳನ್ನು ಡಿಸ್ಕಿಗೆ ಬರೆಯಬೇಕೇ ಎಂಬ ಅಂತಿಮ ಪ್ರಶ್ನೆಗೆ ಒಪ್ಪಿಗೆ ನೀಡುವವರೆಗೆ ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ. ಗೂಢಲಿಪಿ ಮತ್ತು ತಾರ್ಕಿಕ ವಿಭಾಗಗಳ ಆಯ್ಕೆಯಲ್ಲಿ ಮಾತ್ರ ಇಂತಹ ಪ್ರಶ್ನೆ ಅದಕ್ಕೆ ಮುಂಚೆಯೂ ಬರುತ್ತದೆ. ಯಂತ್ರಕ್ಕೆ ಎರಡು ಡಿಸ್ಕುಗಳಿದ್ದರೆ, ನಕಲು ಇಟ್ಟಿರುವ ಡಿಸ್ಕನ್ನು ಕಳಚಿಟ್ಟು ಕೆಲಸ ಮಾಡುವುದು ಅತ್ಯಂತ ಕ್ಷೇಮಕರ.

ಮುಗಿದ ಮೇಲೂ ಯಂತ್ರ ಏಳದಿದ್ದಾಗ

ಮೊದಲು ತಟ್ಟೆಯನ್ನು ಹೊರತೆಗೆಯಬೇಕು. ತಟ್ಟೆ ಒಳಗೇ ಉಳಿದಿದ್ದರೆ ಯಂತ್ರ ಮತ್ತೆ ಸ್ಥಾಪನೆಯನ್ನೇ ಆರಂಭಿಸಬಹುದು. ಹೊಸಬರು ಇದನ್ನು ವೈಫಲ್ಯವೆಂದು ತಿಳಿದು ಇನ್ನೊಮ್ಮೆ ಸ್ಥಾಪಿಸಲು ತೊಡಗುತ್ತಾರೆ.

ತಟ್ಟೆ ತೆಗೆದ ಮೇಲೂ ಚಾಲನೆಗೆ ಸಾಧನವಿಲ್ಲ ಎಂಬ ಸಂದೇಶ ಬಂದರೆ, ಹಿಂದೆ ಹೇಳಿದ ಎರಡು ಪದ್ಧತಿಗಳ ಹೊಂದಾಣಿಕೆಯನ್ನು ನೋಡಬೇಕು. ಹಳೆಯ ಪದ್ಧತಿಯಲ್ಲಿ ತಟ್ಟೆಯನ್ನು ಎಬ್ಬಿಸಿ ಸ್ಥಾಪಿಸಿದ ವ್ಯವಸ್ಥೆಯನ್ನು ಯು.ಇ.ಎಫ್.ಐ. ಪದ್ಧತಿಯಲ್ಲಿರುವ ಯಂತ್ರ ಗುರುತಿಸಲಾರದು. ಡಿಸ್ಕಿನ ವಿಭಾಗಪಟ್ಟಿಯಲ್ಲಿಯೂ ಎರಡು ಬಗೆಗಳಿವೆ. ಎಂ.ಬಿ.ಆರ್. ಎಂಬ ಹಳೆಯ ಬಗೆಯಲ್ಲಿ ನಾಲ್ಕು ಪ್ರಾಥಮಿಕ ವಿಭಾಗಗಳಿಗೆ ಮಾತ್ರ ಅವಕಾಶ; ಸಾಮಾನ್ಯ ಡಿಸ್ಕುಗಳಲ್ಲಿ ಸುಮಾರು 2 ಟೆರಾಬೈಟ್‌ಗಿಂತ ಹೆಚ್ಚಿನ ಸ್ಥಳ ಅದಕ್ಕೆ ಎಟುಕುವುದಿಲ್ಲ. ಜಿ.ಪಿ.ಟಿ. ಎಂಬ ಹೊಸ ಬಗೆಗೆ ಈ ಮಿತಿಗಳಿಲ್ಲ. ಯು.ಇ.ಎಫ್.ಐ. ಪದ್ಧತಿಯಲ್ಲಿ ಎದ್ದ ವಿಂಡೋಸ್ ತಟ್ಟೆ ಎಂ.ಬಿ.ಆರ್. ಡಿಸ್ಕನ್ನು ನಿರಾಕರಿಸುವುದೂ ಇದೇ ಕಾರಣದಿಂದ. ಆ ಸಂದೇಶ ಬಂದಾಗ ಡಿಸ್ಕನ್ನು ಅಳಿಸಿಹಾಕುವ ಮುನ್ನ, ತಟ್ಟೆಯನ್ನು ಇನ್ನೊಂದು ಪದ್ಧತಿಯಲ್ಲಿ ಎಬ್ಬಿಸಿ ನೋಡಬೇಕು.

ವ್ಯವಸ್ಥೆ ಪೂರ್ಣವಾಗಿ ಸ್ಥಾಪನೆಗೊಂಡು ಚಾಲನಾ ಕ್ರಮವಿಧಿ ಮಾತ್ರ ತಪ್ಪಿದ್ದರೆ ಎಲ್ಲವನ್ನೂ ಮತ್ತೆ ಮಾಡಬೇಕಾಗಿಲ್ಲ. ಡೆಬಿಯನ್ ತಟ್ಟೆಯ ರಕ್ಷಣಾ ವಿಧಾನದ ಮೂಲಕ ಗ್ರಬ್ ಎಂಬ ಚಾಲನಾ ಕ್ರಮವಿಧಿಯನ್ನಷ್ಟೇ ಮರುಸ್ಥಾಪಿಸಬಹುದು. ಕೆಲವು ಯಂತ್ರಗಳು ತಮ್ಮ ಪಟ್ಟಿಯಲ್ಲಿ ಹೊಸ ಹೆಸರನ್ನು ಉಳಿಸಿಕೊಳ್ಳುವುದಿಲ್ಲ. ಅವುಗಳಿಗಾಗಿ, ಪೆನ್ ಡ್ರೈವ್ ಮೊದಲಾದವುಗಳಲ್ಲಿ ಯಂತ್ರ ತಾನಾಗಿಯೇ ಹುಡುಕುವ ಸ್ಥಳಕ್ಕೆ ಗ್ರಬ್ಬನ್ನು ಬರೆಯುವ ಆಯ್ಕೆಯೂ ಅಲ್ಲಿಯೇ ಇದೆ.

ಒಂದು ಉದಾಹರಣೆ

ವಿಧಾನವನ್ನು ಸ್ಪಷ್ಟಪಡಿಸಲು ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಒಂದು ಸಂಘದ ಕಚೇರಿಯಲ್ಲಿ 2012ರಲ್ಲಿ ಕೊಂಡ ಗಣಕವಿದೆ. ತಲಾ 2 ಗಿಗಾಬೈಟಿನ ಎರಡು ಸ್ಮೃತಿ ಫಲಕಗಳು ಅದರಲ್ಲಿವೆ. ಸದಸ್ಯರ ಪಟ್ಟಿ ಮತ್ತು ಲೆಕ್ಕಪತ್ರಗಳ ನಕಲನ್ನು ಮೊದಲೇ ತೆಗೆದಿಡಲಾಗಿದೆ. ಡಿ.ವಿ.ಡಿ.ಯಿಂದ ಡೆಬಿಯನ್ ಸ್ಥಾಪನೆ ಮೊದಲ ಬಾರಿ ಮೂರನೆಯ ಒಂದು ಭಾಗದಲ್ಲಿ ನಿಲ್ಲುತ್ತದೆ. ಎರಡನೆಯ ಬಾರಿ ಅರ್ಧ ದಾಟಿದ ಮೇಲೆ, ಬೇರೊಂದು ಕಡತದಲ್ಲಿ ನಿಲ್ಲುತ್ತದೆ.

ಈ ಹಂತದಲ್ಲಿ ಡಿಸ್ಕು ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ತರುವುದು ಸುಲಭ. ಆದರೆ ಕ್ರಮವನ್ನು ಅನುಸರಿಸುವವರು ಹೀಗೆ ಯೋಚಿಸುತ್ತಾರೆ: ನಿಂತ ಜಾಗ ಬದಲಾಗಿದೆ, ಆದುದರಿಂದ ತಟ್ಟೆಯ ಗೀರು ಮುಖ್ಯ ಸಂದೇಹವಲ್ಲ. ತಟ್ಟೆಯ ಸಮಗ್ರತೆಯ ಪರೀಕ್ಷೆ ಒಮ್ಮೆ ಸರಿಯೆಂದೂ ಒಮ್ಮೆ ತಪ್ಪೆಂದೂ ಹೇಳುತ್ತದೆ. ಇದು ಸ್ಮೃತಿಯ ಕಡೆಗೆ ಬೆರಳು ತೋರುತ್ತದೆ. ಸ್ಮೃತಿ ಪರೀಕ್ಷೆಯಲ್ಲಿ ದೋಷ ಕಾಣಿಸುತ್ತದೆ. ಒಂದು ಫಲಕವನ್ನು ತೆಗೆದಾಗಲೂ ದೋಷ ಉಳಿಯುತ್ತದೆ. ಅದನ್ನು ಹಿಂದಿರುಗಿಸಿ ಇನ್ನೊಂದನ್ನು ತೆಗೆದಾಗ ಪರೀಕ್ಷೆ ನಿರ್ದೋಷವಾಗಿ ಮುಗಿಯುತ್ತದೆ. ಉಳಿದ 2 ಗಿಗಾಬೈಟ್ ಸ್ಮೃತಿಯಲ್ಲಿಯೇ ಸ್ಥಾಪನೆ ಪೂರ್ಣಗೊಳ್ಳುತ್ತದೆ. ಕೊಳ್ಳಬೇಕಾದುದು ಒಂದು ಸ್ಮೃತಿ ಫಲಕ ಮಾತ್ರ. ಹೊಸ ಡಿಸ್ಕನ್ನು ತಂದಿದ್ದರೆ ಹಣವೂ ಹೋಗುತ್ತಿತ್ತು, ದೋಷವೂ ಉಳಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಕೆಟ್ಟ ಸ್ಮೃತಿಯ ಯಂತ್ರದಲ್ಲಿ ಸ್ಥಾಪನೆ ಹೇಗೋ ಮುಗಿದುಹೋಗಿದ್ದರೆ ಮುಂದೆ ಬರೆಯುವ ಲೆಕ್ಕಪತ್ರಗಳೇ ತಿಳಿಯದಂತೆ ಕೆಡುತ್ತಿದ್ದವು. ಆ ದೃಷ್ಟಿಯಿಂದ ನೋಡಿದರೆ ವಿಫಲವಾದ ಸ್ಥಾಪನೆಯು ಯಂತ್ರ ಕೊಟ್ಟ ಮುನ್ನೆಚ್ಚರಿಕೆಯೇ ಆಗಿರುತ್ತದೆ.

ನೆನಪಿಡಬೇಕಾದ ಅಂಶಗಳು

1. ಕಡತಗಳ ನಕಲು ಇಲ್ಲದೆ ಸ್ಥಾಪನೆಗೆ ತೊಡಗಬಾರದು.
2. ದೋಷ ಸಂದೇಶವನ್ನು ಅಕ್ಷರಶಃ ಬರೆದುಕೊಳ್ಳಬೇಕು ಅಥವಾ ಪರದೆಯ ಛಾಯಾಚಿತ್ರ ತೆಗೆಯಬೇಕು.
3. ಪ್ರತಿಬಿಂಬದ ತಾಳೆ ಸಂಖ್ಯೆ, ತಟ್ಟೆಯ ಸಮಗ್ರತೆ, ಸ್ಮೃತಿ, ಡಿಸ್ಕು ಈ ಅನುಕ್ರಮದಲ್ಲಿ ಪರೀಕ್ಷೆ ಸಾಗಬೇಕು. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಖರೀದಿ ಕೊನೆಗೆ.
4. ಒಂದು ಬಾರಿಗೆ ಒಂದೇ ಬದಲಾವಣೆ; ಫಲವನ್ನು ಬರೆದಿಟ್ಟ ನಂತರ ಮುಂದಿನದು.
5. ಡಿಸ್ಕು ಅಸಹಜ ಸದ್ದು ಮಾಡುತ್ತಿದ್ದು ಅದರಲ್ಲಿರುವ ಕಡತಗಳ ನಕಲು ಇಲ್ಲದಿದ್ದರೆ, ಯಂತ್ರವನ್ನು ಒಡನೆಯೇ ಆರಿಸಿ ತಜ್ಞರಿಗೆ ಒಪ್ಪಿಸಬೇಕು. ಪ್ರತಿಯೊಂದು ಹೊಸ ಪ್ರಯತ್ನವೂ ಆ ಕಡತಗಳನ್ನು ಮರಳಿ ಪಡೆಯುವ ಅವಕಾಶವನ್ನು ಕಡಿಮೆ ಮಾಡುತ್ತದೆ.

ದುರಸ್ತಿಯವರ ಬಳಿಗೆ ಹೋಗಬೇಕಾಗಿ ಬಂದಾಗಲೂ ಈ ಶ್ರಮ ವ್ಯರ್ಥವಲ್ಲ. “ಗಣಕ ಕೆಟ್ಟಿದೆ” ಎಂಬ ಮಾತಿಗೂ, “ತಾಳೆ ಸಂಖ್ಯೆ ಸರಿಯಿದೆ, ಸ್ಮೃತಿ ಸರಿಯಿದೆ, ಡಿಸ್ಕಿನ 197ನೆಯ ಸಾಲು ಏರುತ್ತಿದೆ” ಎಂದು ಬರೆದ ಒಂದು ಚೀಟಿಗೂ ಇರುವ ಅಂತರ ದೊಡ್ಡದು. ಮೊದಲನೆಯದನ್ನು ಕೇಳಿದವರು ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸುವ ಸಲಹೆ ನೀಡುವ ಸಂಭವವಿದೆ. ಎರಡನೆಯದನ್ನು ಓದಿದವರು ಮೊದಲು ಡಿಸ್ಕಿನಲ್ಲಿರುವುದನ್ನು ಉಳಿಸಿಕೊಳ್ಳುವ ಕೆಲಸಕ್ಕೆ ತೊಡಗುತ್ತಾರೆ.